ಮೂವತ್ತೈದು ಡಾಲರಿನ ಕಾಲ

(ಹಟ್ಟಿಯಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಚಿನ್ನದ ಗಣಿಯ ಊರಲ್ಲಿ ನಿಂತು ಅಮೆರಿಕದ ಮಾತು ಯಾಕ್ರಿ ಅಂತ ನೀವು ಕೇಳಬಹುದು. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ, 1944ರಲ್ಲಿ ಬ್ರೆಟನ್ ವುಡ್ಸ್ ಅನ್ನೋ ಊರಲ್ಲಿ ದೇಶದೇಶಗಳವರು ಸೇರಿ ತಮ್ಮ ನಾಣ್ಯಗಳನ್ನು ಡಾಲರಿಗೆ ಕಟ್ಟಿದರು, ಡಾಲರನ್ನು ಚಿನ್ನಕ್ಕೆ ಕಟ್ಟಿದರು. ಔನ್ಸಿಗೆ 35 ಡಾಲರು. ನಮ್ಮ ಲೆಕ್ಕದಲ್ಲಿ ಎರಡೂವರೆ ತೊಲಕ್ಕಿಂತ ಚೂರು ಹೆಚ್ಚು. ಇತ್ತ 1947ರಲ್ಲಿ ನಿಜಾಮನ ಸೀಮೆಯೊಳಗೆ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿ, ನಿಂತುಹೋಗಿದ್ದ ಈ ಗಣಿಗೆ ಮತ್ತೆ ಜೀವ ಬಂತು. ಇಲ್ಲಿ ನಮ್ಮವರು ಕಲ್ಲಿನ ಧೂಳು ಕುಡಿದು ಬಂಗಾರವನ್ನು ನೆಲದಿಂದ ಮೇಲೆ ತರ್ತಿದ್ದರು. ಅಲ್ಲಿ ಅವರು ಫೋರ್ಟ್ ನಾಕ್ಸ್ ಕೋಟೆಯ ಖಜಾನೆಯಲ್ಲಿ ಬಂಗಾರ ಮುಚ್ಚಿಡ್ತಿದ್ದರು. ತಮಾಷೆ ನೋಡ್ರಿ, ಅಮೆರಿಕದ ಸಾಮಾನ್ಯ ಪ್ರಜೆಗೆ 1933ರಿಂದ 1974ರತನಕ ಬಂಗಾರದ ಗಟ್ಟಿ ಇಟ್ಟುಕೊಳ್ಳೋ ಹಕ್ಕೇ ಇರಲಿಲ್ಲ.

ಬಂಗಾರ ಇರದಿದ್ದರೇನು, ಮನೆ ಬಂತು, ಕಾರು ಬಂತು, ಫ್ರಿಜ್ಜು, ಟೆಲಿವಿಷನ್ನು ಬಂತು. ಯುದ್ಧದಿಂದ ಬಂದ ಸಿಪಾಯಿಗಳಿಗೆ 1944ರ ಕಾಯಿದೆ ಪ್ರಕಾರ ಕಾಲೇಜಿನ ಫೀಜು, ಮನೆಸಾಲಕ್ಕೆ ಸರ್ಕಾರದ ಜಾಮೀನು. ಸ್ಕಾಲರ್‌ಶಿಪ್ಪಿನ ಹಣಕ್ಕೆ ವರ್ಷಗಟ್ಟಲೆ ಕಾಯೋ ನಮಗೆ ಹೊಟ್ಟೆಕಿಚ್ಚಾದರೆ ತಪ್ಪಲ್ಲ. ಆದರೆ ಕಾಯಿದೆಯ ಕಾಗದ ಬೇರೆ, ಅದನ್ನ ಹಂಚೋ ಕೈ ಬೇರೆ. ಮಿಸಿಸಿಪಿ ರಾಜ್ಯದಲ್ಲಿ 1947ರಲ್ಲಿ ಹೀಗೆ ಜಾಮೀನು ಕೊಟ್ಟ ಸಾಲಗಳು 3,200ಕ್ಕೂ ಹೆಚ್ಚು. ಕಪ್ಪು ಸಿಪಾಯಿಗಳಿಗೆ ಸಿಕ್ಕಿದ್ದು 2. ಬಂದೂಕು ಹಿಡಿಯೋವಾಗ ಬೇಕಾದ ಮೈ ಬ್ಯಾಂಕಿನ ಬಾಗಿಲಲ್ಲಿ ಬೇಡವಾಯ್ತು.

ನ್ಯೂಯಾರ್ಕಿನ ಹೊರಗೆ ಬಟಾಟೆ ಹೊಲದಲ್ಲಿ 1947ರಿಂದ ಲೆವಿಟೌನ್ ಅಂತ ಹೊಸ ಊರು ಎದ್ದಿತು. ಕಾರ್ಖಾನೆಯಲ್ಲಿ ಕಾರು ಮಾಡಿದ ಹಾಗೆ ಒಂದೇ ಅಚ್ಚಿನ ಮನೆಗಳು, ನಾಕು ವರ್ಷದಲ್ಲಿ 17,000ಕ್ಕೂ ಮೇಲೆ. ಕರಾರುಪತ್ರದಲ್ಲಿ ಒಂದು ಮಾತು ಬರೆದಿದ್ದರು: ಬಿಳಿಯರಲ್ಲದವರು ಇಲ್ಲಿ ವಾಸ ಮಾಡಕೂಡದು, ಮನೆಯಾಳುಗಳು ಮಾತ್ರ ಇರಬಹುದು. ನಮಗೆ ಇದು ಗೊತ್ತಿರದ ಮಾತೇನ್ರಿ? ಅಂಗಳ ಕಸ ಹೊಡೆಯೋಕೆ ಬರಬಹುದು, ಅಂಗಳದಲ್ಲಿ ಕೂಡುವಂಗಿಲ್ಲ. ಒಂದೇ ಫರಕು. ನಮ್ಮಲ್ಲಿ ಹಟ್ಟಿಯನ್ನು ಊರ ಹೊರಗೆ ಇಟ್ಟರು. ಅಲ್ಲಿ ಊರೇ ಎದ್ದು ಹೊರಗೆ ಹೋಯ್ತು, ಹಟ್ಟಿ ಹಳೇ ನಗರದ ನಡುವೆ ಉಳೀತು. ಆ ಓಣಿಗಳ ಸುತ್ತ ನಕ್ಷೆಯಲ್ಲಿ ಕೆಂಪು ಗೆರೆ ಎಳೆದು, ಇಲ್ಲಿಗೆ ಸಾಲ ಬೇಡ ಅಂದರು.

1952ರ ಜೂನ್‌ನಲ್ಲಿ ಬಾಬಾಸಾಹೇಬರು ಗೌರವ ಡಾಕ್ಟರೇಟ್ ಪಡೆಯಲು ಕೊಲಂಬಿಯಾಕ್ಕೆ, ಅದೇ ನ್ಯೂಯಾರ್ಕಿಗೆ ಹೋದರು. ಆಗ ಪಕ್ಕದ ಲೆವಿಟೌನಿನಲ್ಲಿ ಕಪ್ಪು ಮನುಷ್ಯನಿಗೆ ಮನೆ ಮಾರುತ್ತಿರಲಿಲ್ಲ.

1957ರಲ್ಲಿ ಪೆನ್ಸಿಲ್ವೇನಿಯಾದ ಇನ್ನೊಂದು ಲೆವಿಟೌನಿಗೆ ವಿಲಿಯಂ ಮೈಯರ್ಸ್, ಡೈಸಿ ಮೈಯರ್ಸ್ ಅನ್ನೋ ಕಪ್ಪು ಗಂಡಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದರು. ಆತ ಯುದ್ಧಕ್ಕೆ ಹೋಗಿ ಬಂದವ. ಸಂಜೆಯಾದರೆ ಮನೆ ಮುಂದೆ ನೂರಾರು ಜನ, ಕಿಟಕಿಗೆ ಕಲ್ಲು. ವಾರಗಟ್ಟಲೆ ನಡೀತು. ಅವರು ಓಡಿಹೋಗಲಿಲ್ಲ. ಎಲ್ಲ ಬಿಳಿಯರೂ ಕಲ್ಲು ಹೊಡೆದರು ಅಂದರೆ ಸುಳ್ಳಾಗ್ತದ. ಪಕ್ಕದ ಮನೆಯವರು ಜೊತೆ ನಿಂತರು, ಅವರಿಗೂ ಕಾಟ ತಪ್ಪಲಿಲ್ಲ.

ಆ ಸಮೃದ್ಧಿಯ ಎಂಜಲು ನಮಗೂ ಬಂತು. ಅಲ್ಲಿಯ ರೈತರು ಬೆಳೆದ ಧಾನ್ಯ ಗೋದಾಮು ತುಂಬಿ ಚೆಲ್ಲಿದಾಗ, 1954ರಲ್ಲಿ ಪಿ.ಎಲ್. 480 ಕಾಯಿದೆ ಮಾಡಿ ಹೊರದೇಶಕ್ಕೆ ಸಾಗಿಸಿದರು. 1965-66ರ ಬರದಲ್ಲಿ ನಮ್ಮ ದೇಶ ಹಡಗಿನ ದಾರಿ ಕಾಯುತ್ತಿತ್ತು. ಆಮೇಲೆ ಶಾಲೆಗಳಲ್ಲಿ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು, ಹಾಲಿನ ಪುಡಿ. ನಮ್ಮ ಅಪ್ಪ-ಚಿಗಪ್ಪಂದಿರಲ್ಲಿ ಎಷ್ಟೋ ಜನ ಆ ಉಪ್ಪಿಟ್ಟಿನ ವಾಸನೆಗೇ ಶಾಲೆಗೆ ಹೋದವರು. ಅದನ್ನ ನಾವು ಹಳಿಯೋದಿಲ್ಲ, ಹಸಿದ ಹೊಟ್ಟೆಗೆ ಅದು ಅನ್ನವೇ. ಅಮೆರಿಕದಿಂದ ಬಂದ ಚೀಲದ ಮೇಲೆ ಎರಡು ಕೈ ಒಂದನ್ನೊಂದು ಹಿಡಿದ ಚಿತ್ರ ಇರ್ತಿತ್ತು. ನಮ್ಮ ಹಿರಿಯರೊಬ್ಬರು ಹೇಳಿದರು: ಆ ಚೀಲ ಬಿಚ್ಚಿ ಮಾಡಿದ ಉಪ್ಪಿಟ್ಟನ್ನು ನಮ್ಮ ಸಾಲಿಗೆ ಮೇಲಿಂದ ಹಾಕ್ತಿದ್ದರಪ್ಪಾ, ಕೈಗೆ ಕೈ ತಾಕಬಾರದು ಅಂತ.