ಲಾರಿಯೂ ರೇಲ್ವೆಯೂ: ನಾಡಿನ ಸರಕು ಸಾಗುವ ದಾರಿ

(ವರ್ತಕರೂ ಶಿಕ್ಷಕರೂ ಕೂಡಿದ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾಡೊಂದು ಒಂದಾಯಿತೆಂಬುದಕ್ಕೆ ಕುರುಹೇನು? ಒಂದು ನುಡಿ, ಒಂದು ಶಾಸನಸಭೆ, ಒಂದು ಭೂಪಟ, ಇಷ್ಟಿದ್ದರೆ ಸಾಕೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ನಾಡಿನ ಐಕ್ಯವನ್ನು ಅಳೆಯಲು ಇನ್ನೊಂದು ಅಳತೆಗೋಲುಂಟು. ಬ್ಯಾಡಗಿಯ ಮೆಣಸಿನಕಾಯಿ, ರಾಯಚೂರಿನ ಅರಳೆ, ಕೊಡಗಿನ ಕಾಫಿ, ಸಂಡೂರಿನ ಅದಿರು ಇವೆಲ್ಲ ಯಾವ ದಾರಿಯಿಂದ, ಯಾರ ಬಂದರಿಗೆ, ಎಷ್ಟು ಬಾಡಿಗೆ ತೆತ್ತು ಹೋಗುತ್ತವೆಂಬುದೇ ಆ ಅಳತೆಗೋಲು. ಲಾರಿ ಮೇಲೋ ರೇಲ್ವೆ ಮೇಲೋ ಎಂಬ ಪ್ರಶ್ನೆಯು ಕೇವಲ ಅಡತಿಯ ಅಂಗಡಿಗಳ ಲೆಕ್ಕದ ವಿಷಯವೆಂದು ಯಾರೂ ತಿಳಿಯಬಾರದು. ಅದು ನಾಡನ್ನು ಕಟ್ಟುವ ವಿಷಯವಾಗಿದೆ.

ಮೊದಲು ಹಿಂದಿನದನ್ನು ಸ್ವಲ್ಪ ನೆನೆಯೋಣ. ರೇಲ್ವೆಯು ಬರುವ ಮುಂಚೆ ನಮ್ಮ ಬಯಲುಸೀಮೆಯ ಸರಕೆಲ್ಲ ಚಕ್ಕಡಿಯಲ್ಲಿ, ಹೇರೆತ್ತಿನ ಬೆನ್ನಿನ ಮೇಲೆ ಸಾಗುತ್ತಿತ್ತು. ಎತ್ತು ನಡೆಯಬೇಕಾದರೆ ದಾರಿಯಲ್ಲಿ ಮೇವು ನೀರು ಬೇಕು. 1876-78ರ ಘೋರ ಬರಗಾಲದಲ್ಲಿ ಮೇವಿಲ್ಲದೆ ಎತ್ತುಗಳು ಸತ್ತುವು. ಎತ್ತುಗಳು ಸತ್ತುದರಿಂದ ಕಾಳು ಸಾಗಲಿಲ್ಲ. ಕಾಳು ಸಾಗದ್ದರಿಂದ ಜನರು ಸತ್ತರು. ಬಳ್ಳಾರಿ, ವಿಜಾಪುರ, ಧಾರವಾಡ ಸೀಮೆಗಳು ಕಂಡ ಆ ದುರ್ದಿನಗಳ ತರುವಾಯವೇ, 1882ರಲ್ಲಿ, ಸದರ್ನ್ ಮರಾಠಾ ರೇಲ್ವೆ ಕಂಪನಿಯು ಹುಟ್ಟಿತು. ಬರಗಾಲದಲ್ಲಿ ಧಾನ್ಯವನ್ನು ಹೊತ್ತು ತರಬೇಕೆಂಬುದೇ ಅದರ ಹಳಿಗಳಿಗೆ ಹೇಳಲಾದ ಮುಖ್ಯ ಕಾರಣವಾಗಿತ್ತು. ಈ ಉಪಕಾರವನ್ನು ನಾವು ಅಲ್ಲಗಳೆಯಲಾರೆವು.

ಆದರೆ ಆ ಹಳಿಗಳು ಯಾರ ಅನುಕೂಲವನ್ನು ನೋಡಿ ಹಾಕಲ್ಪಟ್ಟುವು? ಇಲ್ಲಿಯೇ ನಮ್ಮ ದುಃಖದ ಕತೆಯು ಆರಂಭವಾಗುವದು. ಕನ್ನಡನಾಡು ಆಗ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಒಂದೊಂದು ಆಡಳಿತವು ತನ್ನ ರಾಜಧಾನಿಯ ಕಡೆಗೆ, ತನ್ನ ಬಂದರದ ಕಡೆಗೆ ಹಳಿಯನ್ನು ಎಳೆದುಕೊಂಡಿತು. ಧಾರವಾಡದ ಅರಳೆಯು ಇಂಗ್ಲಂಡಿನ ಗಿರಣಿಗಳಿಗೆ ಬೇಕಾದಾಗ ಕಾರವಾರದ ಬಂದರವನ್ನು ಬೆಳೆಸುವ ಮಾತು ಎದ್ದಿತು. ಅದೇ ಕಾಲದಲ್ಲಿ, 1862ರಲ್ಲಿ, ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿಗೆ ಸೇರಿಸಲಾಯಿತು. ಘಟ್ಟದ ರಸ್ತೆಗಳಾದುವು, ಚಕ್ಕಡಿಗಳು ಇಳಿದುವು. ಆದರೆ ರೇಲ್ವೆಯು ಇಳಿದದ್ದು ಕಾರವಾರಕ್ಕಲ್ಲ. ಅದು ಲೋಂಡೆ, ಕ್ಯಾಸಲ್‌ರಾಕುಗಳ ಮೇಲೆ ಹಾಯ್ದು 1888ರಲ್ಲಿ ಪೋರ್ತುಗೀಜರ ಮಾರ್ಮಗೋವೆಗೆ ಹೋಯಿತು. ಅರಳೆಯು ಹಳಿಯ ಬೆನ್ನು ಹತ್ತಿತು. ಕಾರವಾರವು ಕಡಲನ್ನು ನೋಡುತ್ತ ಕುಳಿತಿತು.

ಮಂಗಳೂರಿನ ಕತೆಯೂ ಬೇರೆಯಲ್ಲ. 1907ರಲ್ಲಿ ಅಲ್ಲಿಗೆ ರೇಲ್ವೆಯು ಬಂದದ್ದು ಮಲೆಯಾಳದ ಕಡೆಯಿಂದ. 1956ರ ನವೆಂಬರ 1ರಂದು ಮಂಗಳೂರು ನಮ್ಮ ರಾಜ್ಯದೊಳಗೆ ಸೇರಿದರೂ, ಹಾಸನದಿಂದ ಘಟ್ಟವಿಳಿದು ಅದನ್ನು ಮುಟ್ಟುವ ರೇಲ್ವೆಯು ಸಿದ್ಧವಾದದ್ದು 1979ರಲ್ಲಿ. ಬೀದರ, ಕಲಬುರ್ಗಿಗಳು ಒಂದೇ ಸೀಮೆಯ ಅಕ್ಕತಂಗಿಯರು. ಅವೆರಡರ ನಡುವಣ ನೇರ ಹಳಿಯು ತೆರೆದದ್ದು 2017ರಲ್ಲಿ! ಕೊಡಗು ಜಿಲ್ಲೆಯಲ್ಲಿ ಇಂದಿಗೂ ರೇಲ್ವೆಯಿಲ್ಲ. ಭೂಪಟದ ಮೇಲೆ ಒಂದೇ ದಿನದಲ್ಲಿ ಅಳಿಸಿಹೋದ ಗಡಿಗಳು ಹಳಿಗಳ ಮೇಲೆ ತಲೆಮಾರುಗಳವರೆಗೆ ಉಳಿದುವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಏನು ಬೇಕು?

ಹಳಿಗಳ ಅಗಲದಲ್ಲಿಯೂ ಭೇದವಿತ್ತು. ಕೆಲವೆಡೆ 1676 ಮಿಲಿಮೀಟರಿನ ದೊಡ್ಡ ಹಳಿ, ಕೆಲವೆಡೆ 1000 ಮಿಲಿಮೀಟರಿನ ಮೀಟರ್ ಹಳಿ. ಇವೆರಡೂ ಕೂಡುವಲ್ಲಿ ಪ್ರತಿಯೊಂದು ಚೀಲವನ್ನೂ ಹಮಾಲರು ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಚೀಲ ಹರಿಯುವದು, ಕಾಳು ಸೋರುವದು, ದಿನಗಳು ಕಳೆಯುವವು. ಗದಗದಿಂದ ಹೊಟಗಿಯವರೆಗಿನ ಹಾದಿಯು ಪೂರ್ಣವಾಗಿ ದೊಡ್ಡ ಹಳಿಯಾದದ್ದು 2008ರಲ್ಲಿ.

ಈ ಸಂದಿನಲ್ಲಿ ಲಾರಿಯು ಬಂದಿತು. ಬಂದದ್ದಷ್ಟೇ ಅಲ್ಲ, ಗೆದ್ದಿತು. 1950ರ ಸುಮಾರಿಗೆ ಭಾರತದ ಸರಕು ಸಾಗಾಟದ ಐದು ಪಾಲಿನಲ್ಲಿ ನಾಲ್ಕಕ್ಕಿಂತ ಹೆಚ್ಚು ರೇಲ್ವೆಯದಾಗಿತ್ತು. ಇಂದು ಅದು ಮೂರರಲ್ಲೊಂದು ಪಾಲಿಗಿಂತಲೂ ಕಡಮೆಯಾಗಿದೆ. ಹೀಗೇಕಾಯಿತು? ಲಾರಿಯವನ ಸಾಹಸವನ್ನು ಹೊಗಳಿದರೆ ಸಾಲದು, ಕಾರಣವನ್ನು ಅರಿಯಬೇಕು.

ಬ್ಯಾಡಗಿಯ ಪೇಟೆಯಲ್ಲಿ ಒಬ್ಬ ವರ್ತಕನು ಹತ್ತು ಟನ್ನು ಮೆಣಸಿನಕಾಯಿಯನ್ನು ದೂರದ ಊರಿಗೆ ಕಳಿಸಬೇಕಾಗಿದೆಯೆಂದು ಎಣಿಸಿರಿ. ಲಾರಿಯು ಅವನ ಅಂಗಡಿಯ ಬಾಗಿಲಲ್ಲಿ ನಿಲ್ಲುವದು. ಸಂಜೆ ಹೇರಿದ ಮಾಲು ಕೊಳ್ಳುವವನ ಬಾಗಿಲಲ್ಲಿಯೇ ಇಳಿಯುವದು. ಮಾಲಿಗೆ ಒಮ್ಮೆ ಏರಿಕೆ, ಒಮ್ಮೆ ಇಳಿಕೆ. ರೇಲ್ವೆಯಲ್ಲಾದರೋ ಅಂಗಡಿಯಿಂದ ನಿಲ್ದಾಣಕ್ಕೆ ಒಂದು ಗಾಡಿ, ಅಲ್ಲಿ ಡಬ್ಬಿಗಾಗಿ ಕಾಯುವದು, ಇಳಿದಲ್ಲಿ ಮತ್ತೊಂದು ಗಾಡಿ. ಆರು ಸಲ ಚೀಲವನ್ನು ಮುಟ್ಟಬೇಕು, ಆರು ಸಲ ಕೂಲಿ ಕೊಡಬೇಕು. ಅದೂ ಅಲ್ಲದೆ, ಇತ್ತೀಚಿನ ದಶಕಗಳಲ್ಲಿ ರೇಲ್ವೆಯವರು ಕಲ್ಲಿದ್ದಲು, ಅದಿರು, ಸಿಮೆಂಟು, ಗೊಬ್ಬರಗಳನ್ನು ಇಡೀ ಗಾಡಿಯ ಲೆಕ್ಕದಲ್ಲಿ ಒಯ್ಯುವದಕ್ಕೇ ಒಲಿದಿದ್ದಾರೆ. ಹತ್ತು ಟನ್ನಿನ ವರ್ತಕನು ಅವರಿಗೆ ಗಿರಾಕಿಯೇ ಅಲ್ಲ. ಮೇಲಾಗಿ ಪ್ರಯಾಣಿಕರ ಟಿಕೀಟನ್ನು ಅಗ್ಗವಾಗಿಡಲು ಸರಕಿನ ಬಾಡಿಗೆಯನ್ನು ಏರಿಸುತ್ತ ಬಂದ ಪದ್ಧತಿಯೂ ಉಂಟು. ಹೀಗಿರಲು ವರ್ತಕನು ಲಾರಿಯನ್ನು ಕರೆದರೆ ತಪ್ಪು ಅವನದೇ?

ಆದರೆ ನಾಣ್ಯಕ್ಕೆ ಇನ್ನೊಂದು ಮಗ್ಗುಲುಂಟು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಯು ಉರುಳುವಾಗ ಆಗುವ ತಡೆಯು, ಡಾಂಬರಿನ ಮೇಲೆ ರಬ್ಬರಿನ ಗಾಲಿಗೆ ಆಗುವ ತಡೆಗಿಂತ ಎಷ್ಟೋ ಪಾಲು ಕಡಮೆ. ಆದುದರಿಂದ ಅಷ್ಟೇ ಭಾರವನ್ನು ಅಷ್ಟೇ ದೂರ ಒಯ್ಯಲು ರೇಲ್ವೆಗೆ ಬೇಕಾಗುವ ಇಂಧನವು ಬಹು ಸ್ವಲ್ಪ. ಐವತ್ತೆಂಟು ಡಬ್ಬಿಗಳ ಒಂದು ಅದಿರಿನ ಗಾಡಿಯು 3500 ಟನ್ನಿಗೂ ಮಿಕ್ಕು ಹೊರುವದು. ಅದನ್ನೇ ಹತ್ತು ಗಾಲಿಯ ಲಾರಿಗಳಲ್ಲಿ ಹೇರಿದರೆ ಇನ್ನೂರರಷ್ಟು ಲಾರಿಗಳು ಬೇಕು. ರಸ್ತೆಗೆ ಆಗುವ ಏಟಿನ ಲೆಕ್ಕವು ಇನ್ನೂ ವಿಚಿತ್ರವಾದುದು. ಅಚ್ಚಿನ ಮೇಲಿನ ಭಾರವು ಇಮ್ಮಡಿಯಾದರೆ ರಸ್ತೆಯ ಸವೆತವು ಇಮ್ಮಡಿಯಾಗುವದಿಲ್ಲ. ಸುಮಾರು ಹದಿನಾರು ಮಡಿಯಾಗುವದೆಂದು ರಸ್ತೆ ಕಟ್ಟುವ ಶಾಸ್ತ್ರವು ಹೇಳುತ್ತದೆ. ಈ ಸವೆತದ ಬೆಲೆಯು ಲಾರಿಯ ಬಾಡಿಗೆ ಚೀಟಿಯಲ್ಲಿ ಪೂರ್ತಿಯಾಗಿ ಕಾಣುವದಿಲ್ಲ. ಅದನ್ನು ತೆರುವವರು ನಾವು, ನೀವು.

ಇದನ್ನು ಪುಸ್ತಕದಲ್ಲಿ ಓದಬೇಕಾಗಿಲ್ಲ. ಬಳ್ಳಾರಿ ಸೀಮೆಯವರು ಕಣ್ಣಾರೆ ಕಂಡಿದ್ದಾರೆ. ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆಯು ಗಗನಕ್ಕೇರಿದಾಗ ಸಂಡೂರು ಹೊಸಪೇಟೆಗಳಿಂದ ಬೇಲೆಕೇರಿ, ಕಾರವಾರಗಳವರೆಗೆ ಲಾರಿಗಳ ಸಾಲೇ ಸಾಲು. ಮಿತಿ ಮೀರಿ ಹೇರಿದ ಆ ಲಾರಿಗಳ ಕೆಳಗೆ ರಸ್ತೆಗಳು ಪುಡಿಯಾದುವು. ಮನೆಗಳ ಮೇಲೆ, ಬೆಳೆಗಳ ಮೇಲೆ ಕೆಂಪು ಧೂಳು ಕುಳಿತಿತು. 2010ರಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ತಡೆಯಿತು. 2011ರಲ್ಲಿ ಲೋಕಾಯುಕ್ತರ ವರದಿಯು ಬಂದಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಇದರಿಂದ ನಾವು ಕಲಿಯತಕ್ಕ ಪಾಠವೊಂದುಂಟು. ರೇಲ್ವೆಯ ಡಬ್ಬಿಯ ಲೆಕ್ಕವು ನಿಲ್ದಾಣದ ದಫ್ತರಗಳಲ್ಲಿ ದಾಖಲಾಗುತ್ತದೆ. ಸಾವಿರ ಒಡೆಯರ ಸಾವಿರ ಲಾರಿಗಳ ಲೆಕ್ಕವು ಸುಲಭವಾಗಿ ಕತ್ತಲೆಯಲ್ಲಿ ಕರಗುತ್ತದೆ. ನಾಡಿನ ಭೂಗರ್ಭದ ಸಂಪತ್ತನ್ನು ಸಾಗಿಸುವ ದಾರಿಯು ಬೆಳಕಿನಲ್ಲಿರಬೇಕು.

ಹಾಗಾದರೆ ಎಲ್ಲೆಡೆಗೂ ಹಳಿಯನ್ನೇ ಹಾಸೋಣವೆನ್ನುವಿರಾ? ಅಷ್ಟು ಸುಲಭವಾಗಿ ತೀರ್ಪು ಕೊಡುವಂತಿಲ್ಲ. ನಮ್ಮ ಬಯಲಿಗೂ ಕಡಲಿಗೂ ನಡುವೆ ಸಹ್ಯಾದ್ರಿಯು ನಿಂತಿದೆ. ಹುಬ್ಬಳ್ಳಿ ಅಂಕೋಲೆಗಳ ನಡುವಣ ರೇಲ್ವೆಯು 1990ರ ದಶಕದ ಕೊನೆಯಲ್ಲಿಯೇ ಮಂಜೂರಾದರೂ ಇಂದಿಗೂ ಮುಗಿದಿಲ್ಲ. ದಟ್ಟ ಅಡವಿಯ ಅಳಿವು ಉಳಿವಿನ ಪ್ರಶ್ನೆಯು ನ್ಯಾಯಾಲಯದವರೆಗೂ ಹೋಗಿದೆ. ಆ ಹಾದಿ ಬೇಕೆಂದು ಕೇಳುವ ಹುಬ್ಬಳ್ಳಿಯ ವರ್ತಕನೂ ಕನ್ನಡಿಗನೇ. ಅಡವಿ ಉಳಿಯಲೆಂದು ಬೇಡುವ ಯಲ್ಲಾಪುರದ ಕೃಷಿಕನೂ ಕನ್ನಡಿಗನೇ. ನಮ್ಮ ನದಿಗಳು ಹುಟ್ಟುವದು ಆ ಮಲೆಗಳಲ್ಲಿ ಎಂಬುದನ್ನು ಮರೆತು ಬಂದರದ ಲಾಭವನ್ನು ಎಣಿಸುವದು ಜಾಣತನವಲ್ಲ.

2024ರ ಜುಲೈ ತಿಂಗಳನ್ನು ನೆನೆಯಿರಿ. ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡವು ಕುಸಿದು ಹೆದ್ದಾರಿಯು ಮುಚ್ಚಿತು, ಜೀವಗಳು ಹೋದುವು. ಗಂಗಾವಳಿಯ ಪಾಲಾದ ಲಾರಿಯೊಂದು ತನ್ನ ಚಾಲಕನ ದೇಹದೊಡನೆ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ. ಅದೇ ತಿಂಗಳಲ್ಲಿ ಸಕಲೇಶಪುರದ ಕೆಳಗೆ ಎಡಕುಮೇರಿಯ ಬಳಿ ರೇಲ್ವೆಯ ದಿಬ್ಬವೂ ಜಾರಿ ಗಾಡಿಗಳು ನಿಂತುವು. ಗುಡ್ಡವು ಲಾರಿ, ರೇಲ್ವೆ ಎಂಬ ಪಕ್ಷಪಾತವನ್ನು ಮಾಡಲಿಲ್ಲ. ಬೆಟ್ಟದ ಬುಡವನ್ನು ಅವಸರದಿಂದ ಕಡಿದವರಿಗೆ ಎರಡೂ ದಾರಿಗಳು ಒಂದೇ ಉತ್ತರವನ್ನು ಕೊಡುವವು.

ಆದುದರಿಂದ ನಮ್ಮ ಅಭಿಪ್ರಾಯವಿದು: ಲಾರಿ, ರೇಲ್ವೆಗಳು ಸವತಿಯರಾಗಬಾರದು, ಓರಗಿತ್ತಿಯರಾಗಬೇಕು. ಇದು ಬರಿಯ ಕನಸಲ್ಲ. ಕೊಂಕಣ ರೇಲ್ವೆಯವರು 1999ರಿಂದ ಸರಕು ತುಂಬಿದ ಲಾರಿಗಳನ್ನೇ ರೇಲ್ವೆಯ ತೆರೆದ ಡಬ್ಬಿಗಳ ಮೇಲೆ ಏರಿಸಿ ಒಯ್ಯುವ ಪದ್ಧತಿಯನ್ನು ಆರಂಭಿಸಿದರು. ಮಹಾರಾಷ್ಟ್ರದ ಕೋಲಾಡದಿಂದ ಮೊದಲು ಗೋವೆಯ ವೆರ್ಣದವರೆಗೆ ಇದ್ದುದು ಮುಂದೆ ನಮ್ಮ ಸುರತ್ಕಲ್ಲಿನವರೆಗೂ ಬಂದಿತು. ಚಾಲಕನು ತನ್ನ ಲಾರಿಯಲ್ಲಿಯೇ ವಿಶ್ರಮಿಸುತ್ತ ಘಟ್ಟದ ತಿರುವುಗಳನ್ನು ದಾಟುವನು. ಡೀಸೆಲ್ ಉಳಿಯುವದು, ಟಯರು ಉಳಿಯುವದು, ಜೀವವೂ ಉಳಿಯುವದು. ಕಬ್ಬಿಣದ ಕಂಟೇನರ್ ಪೆಟ್ಟಿಗೆಯೂ ಹೀಗೆಯೇ. ಅಂಗಡಿಯ ಬಾಗಿಲಲ್ಲಿ ಬೀಗ ಹಾಕಿದ ಪೆಟ್ಟಿಗೆಯು ಲಾರಿಯಿಂದ ರೇಲಿಗೆ, ರೇಲಿನಿಂದ ಹಡಗಿಗೆ ಚೀಲವನ್ನು ಮುಟ್ಟದೆ ಏರುವದು.

ಹೀಗಿರುವಾಗ ನಾವು ಕೇಳತಕ್ಕದ್ದೇನು? ಪ್ರತಿ ಜಿಲ್ಲೆಯ ದೊಡ್ಡ ಪೇಟೆಯ ಮಗ್ಗುಲಲ್ಲಿ, ಹತ್ತು ಟನ್ನಿನ ವರ್ತಕರು ಹತ್ತಾರು ಜನ ಕೂಡಿ ಒಂದು ಗಾಡಿಯನ್ನು ತುಂಬಬಲ್ಲಂಥ ಸರಕಿನ ಕಟ್ಟೆ ಬೇಕು. ಗಾಡಿಯು ಹೊರಡುವ ದಿನವೂ ಮುಟ್ಟುವ ದಿನವೂ ಮುಂಚೆಯೇ ಗೊತ್ತಿರಬೇಕು. ವರ್ತಕನಿಗೆ ವೇಗಕ್ಕಿಂತ ನಂಬಿಗೆ ದೊಡ್ಡದು. ಸರಕಿಗೆಂದೇ ಕಟ್ಟಲಾದ ಪೂರ್ವ, ಪಶ್ಚಿಮ ಕಾರಿಡಾರುಗಳೆರಡೂ ನಮ್ಮ ನಾಡನ್ನು ಮುಟ್ಟದೆ ಹೋಗಿವೆ. ಮುಂದಿನ ಯೋಜನೆಯಲ್ಲಿಯಾದರೂ ನಮ್ಮ ಪಾಲು ನಮಗೆ ಬರಬೇಕು. ಅದಿರಿನಂಥ ಭಾರದ ಸರಕು ಹಳಿಯ ಮೇಲೆಯೇ ಹೋಗಲಿ; ಹಣ್ಣು, ಹೂವು, ಹಾಲು, ಹತ್ತಿರದ ಸಂತೆಯ ಸರಕು ಲಾರಿಯವನಿಗೇ ಇರಲಿ. ಅದರಲ್ಲಿ ಅವನನ್ನು ಮೀರಿಸುವವರಿಲ್ಲ.

ಶಿಕ್ಷಕ ಬಂಧುಗಳಿಗೆ ಒಂದು ಮಾತು. ತರಗತಿಯ ಗೋಡೆಯ ಮೇಲಿನ ಕರ್ನಾಟಕದ ಭೂಪಟವನ್ನು ತೋರಿಸುವಾಗ ಅದರ ಮೇಲೆ ಹಳಿಗಳನ್ನೂ ಹೆದ್ದಾರಿಗಳನ್ನೂ ಮಕ್ಕಳಿಂದ ಬರೆಯಿಸಿರಿ. ಎಲ್ಲಿ ಗೆರೆ ಇದೆ, ಎಲ್ಲಿ ಇಲ್ಲ, ಎಲ್ಲಿ ನಾಡಿನ ಹೊರಗೆ ಹೋಗಿ ಸುತ್ತಿ ಒಳಗೆ ಬರುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳಲಿ. ನಮ್ಮ ಹಿರಿಯರು ಗಡಿಗಳನ್ನು ಅಳಿಸಿ ನಾಡನ್ನು ನಮ್ಮ ಕೈಗೆ ಕೊಟ್ಟರು. ಆ ಪಟದೊಳಗಿನ ಬರಿದಾದ ಎಡೆಗಳನ್ನು ತುಂಬುವ ಕೆಲಸವು ನಮ್ಮ ಪಾಲಿಗೆ ಉಳಿದಿದೆ. ಅದನ್ನು ಮಲೆಯನ್ನು ಕೆಡಿಸದೆ, ವರ್ತಕನನ್ನು ಬಳಲಿಸದೆ ಮಾಡಿ ತೋರಿಸೋಣ.