ಹಿತ್ತಿಲ ಹೊಂಡಕ್ಕೆ ಉಸಿರು



ಹಿತ್ತಿಲಿನಲ್ಲಿ ಹೊಸ ಹೊಂಡ ತೋಡಿಸಿ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟವರು ಒಂದು ಮುಂಜಾವು ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿರುವುದನ್ನು ಕಾಣುತ್ತಾರೆ. ಬಿಸಿಲೇರುವ ಮೊದಲೇ ಕೆಲವು ಸತ್ತು ತೇಲುತ್ತವೆ. ಯಾರೋ ವಿಷ ಹಾಕಿದರೆಂಬ ಗುಮಾನಿಯಿಂದ ನೆರೆಮನೆಯೊಡನೆ ಮಾತು ನಿಲ್ಲುವುದೂ ಉಂಟು. ಎಷ್ಟೋ ಸಲ ಆ ಮೀನುಗಳು ಉಸಿರುಗಟ್ಟಿ ಸತ್ತಿರುತ್ತವೆ.

20 ಡಿಗ್ರಿ ಸೆಲ್ಸಿಯಸ್‌ನ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಈ ಮೀನುಗಳಿಗೆ 5ಕ್ಕಿಂತ ಹೆಚ್ಚಿದ್ದರೆ ಕ್ಷೇಮ. ಹಗಲಿನಲ್ಲಿ ಪಾಚಿ ಆಮ್ಲಜನಕವನ್ನು ಕೂಡಿಸುತ್ತದೆ. ಇರುಳಿನಲ್ಲಿ ಪಾಚಿ, ಮೀನು, ತಳದಲ್ಲಿ ಕೊಳೆಯುವ ದರಕು ಎಲ್ಲವೂ ಅದನ್ನು ಕಳೆಯುತ್ತವೆ. ಸೂರ್ಯೋದಯದ ಮುನ್ನಿನ ಹೊತ್ತೇ ಅಪಾಯದ್ದು. ಮೋಡ ಕವಿದ ದಿನಗಳ ನಂತರ ಇನ್ನಷ್ಟು.

ಗಾಳಿಯೂಡುವ ಯಂತ್ರ ಮಾಡುವ ಕೆಲಸವನ್ನು ಅನೇಕರು ತಪ್ಪು ತಿಳಿಯುತ್ತಾರೆ. ಗುಳ್ಳೆಗಳಿಂದ ನೇರವಾಗಿ ಕರಗುವ ಆಮ್ಲಜನಕ ಸ್ವಲ್ಪವೇ. ಅವು ತಳದ ನೀರನ್ನು ಮೇಲೆತ್ತಿ ಗಾಳಿಗೆ ಒಡ್ಡುತ್ತವೆ. ಹೆಚ್ಚಿನ ಲಾಭ ಅಲ್ಲಿದೆ. ಆದಕಾರಣ ಗುಳ್ಳೆ ಬಿಡುವ ಕಲ್ಲನ್ನು ಆಳದಲ್ಲಿ, ಆದರೆ ಕೆಸರಿಗೆ ತಾಗದಂತೆ ಇಡಬೇಕು. ಪಂಪು ದಡದ ಮೇಲೆ, ನೀರಿನ ಮಟ್ಟಕ್ಕಿಂತ ಎತ್ತರದಲ್ಲಿರಲಿ. ಇಲ್ಲವಾದರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಬಂದು ಪಂಪಿನೊಳಗೆ ನುಗ್ಗೀತು. ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚನ್ನು ಬಿಟ್ಟು ಹಣ ಉಳಿಸಬಾರದು. ಮಳೆಗಾಲದ ಹಿತ್ತಿಲಲ್ಲಿ ಅದು ಪ್ರಾಣದ ಪ್ರಶ್ನೆ.

ಮೀನು ಬಿಟ್ಟು ತಿಂಗಳುಗಳಾದ ಮೇಲೆ ಯಂತ್ರ ತರುವವರು ಮೊದಲ ದಿನವೇ ಇಡೀ ರಾತ್ರಿ ನಡೆಸಕೂಡದು. ತಳದಲ್ಲಿ ತಂಗಿದ್ದ, ಆಮ್ಲಜನಕವಿಲ್ಲದ ದುರ್ವಾಸನೆಯ ನೀರು ಒಮ್ಮೆಗೇ ಮೇಲೆದ್ದರೆ ಉಳಿಸಲು ಹೊರಟ ಮೀನುಗಳೇ ಸಾಯುತ್ತವೆ. ಮೊದಲ ದಿನ ಅರ್ಧ ಗಂಟೆ, ಮರುದಿನ ಒಂದು ಗಂಟೆ, ಹೀಗೆ ಏರಿಸುತ್ತ ಹೋಗುವುದು ಸರಿ.

ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬಂದೀತೆಂದು ಹೇಳಲಾಗದು. ಯಂತ್ರವನ್ನು ನಂಬಿ ಒತ್ತೊತ್ತಾಗಿ ಮರಿ ಬಿಟ್ಟವರಿಗೆ ಒಂದು ರಾತ್ರಿಯ ಕತ್ತಲೆ ಸಾಕು. ಗುಡ್ಡದ ಅಬ್ಬಿ ನೀರಿರುವ ಮನೆಗಳಲ್ಲಿ ಅಡಿಕೆ ದಂಬೆಯಿಂದ ಎರಡಾಳೆತ್ತರ ಕಲ್ಲಿನ ಮೇಲೆ ಬಿದ್ದು ಚಿಮ್ಮುವ ಧಾರೆಯೇ ಈ ಕೆಲಸವನ್ನು ಬಿಟ್ಟಿಯಾಗಿ ಮಾಡೀತು. ಬೇಸಿಗೆಯಲ್ಲಿ ಮಾತ್ರ ಕೆಳಗಿನ ತೋಟದವರ ಪಾಲನ್ನು ಕಡಿಯಬಾರದು. ಅಬ್ಬಿಯೂ ಇಲ್ಲ, ಕರೆಂಟೂ ಇಲ್ಲವೆಂದಾದ ರಾತ್ರಿ ತಿಂಡಿ ಹಾಕುವುದನ್ನು ನಿಲ್ಲಿಸಿ, ಬೆಳಗಿನ ಜಾವ ಎದ್ದು ಮೇಲಿನ ನೀರನ್ನು ಬಕೆಟ್ಟಿನಿಂದ ಎತ್ತಿ ಎತ್ತಿ ಸುರಿಯುವುದೇ ಉಳಿದ ದಾರಿ.