ಮಾಂಸದ ಹಂದಿಗಳ ಬೆಳವಣಿಗೆ: ಒಂದು ಹೋಲಿಕೆ

(ಪುಣೆಯ ಕೋಥರೂಡದಲ್ಲಿ ಕನ್ನಡಿಗರ ಮುಂದೆ ಮಾಡಿದ ಭಾಷಣ)



ಇಲ್ಲಿ ನೆಲೆಸಿದ್ದರೂ ತಮ್ಮ ಊರಿನಲ್ಲಿ ಹಂದಿ ಸಾಕಣೆ ಕೈಗೊಳ್ಳಬಯಸುವ ಬಂಧುಗಳಿಗೆ ಒಂದು ಮಾತು. ಹಂದಿಯ ಗಾತ್ರವನ್ನಷ್ಟೇ ನೋಡಿ ಲಾಭವನ್ನು ಅಳೆಯಬಾರದು. ಲಾರ್ಜ್ ವೈಟ್ ಯಾರ್ಕ್‌ಷೈರ್ ತಳಿಯ ಮರಿಯು ಸಮತೋಲನ ಆಹಾರ ದೊರೆತರೆ ಸುಮಾರು 7–8 ತಿಂಗಳಲ್ಲಿ 90 ಕಿಲೋಗ್ರಾಂ ತೂಗಬಲ್ಲದು. ನಾಟಿ ಹಂದಿ ನಿಧಾನವಾಗಿ ಬೆಳೆಯುತ್ತದೆ. ಆದರೆ ಒರಟು ಆಹಾರವನ್ನೂ ಬಿಸಿಲನ್ನೂ ತಾಳಿಕೊಳ್ಳುತ್ತದೆ.

ಎರಡರಲ್ಲಿಯೂ ನಿಯಮ ಒಂದೇ. ಎಳೆಯ ವಯಸ್ಸಿನಲ್ಲಿ ತಿಂದದ್ದು ಹೆಚ್ಚಾಗಿ ಮಾಂಸವಾಗುತ್ತದೆ, ಬಲಿತ ಮೇಲೆ ಕೊಬ್ಬಾಗುತ್ತದೆ. ಒಂದು ಕಿಲೋಗ್ರಾಂ ಕೊಬ್ಬು ಕೂಡಲು ಅಷ್ಟೇ ಮಾಂಸಕ್ಕಿಂತ ಹೆಚ್ಚು ಆಹಾರ ಬೇಕು. ಆದುದರಿಂದ ಹದಿನೈದು ದಿನಗಳಿಗೊಮ್ಮೆ ಹಂದಿಗಳನ್ನು ತೂಗಿರಿ. ತಿಂದ ಆಹಾರದ ಲೆಕ್ಕವನ್ನೂ ಬರೆದಿಡಿರಿ. ತೂಕದ ಏರಿಕೆ ಕುಗ್ಗಿ ಆಹಾರದ ಖರ್ಚು ಹಿಗ್ಗಿದಾಗ ಮಾರಾಟಕ್ಕೆ ತಡಮಾಡಬೇಡಿರಿ. ಕಣ್ಣಂದಾಜಿನಲ್ಲಿ ಮಾರುವ ರೈತನು ತನ್ನ ದುಡಿಮೆಯ ಫಲವನ್ನು ಕೊಳ್ಳುವವನಿಗೆ ಬಿಟ್ಟುಕೊಟ್ಟಂತೆಯೇ ಸರಿ.